ಹವಾಲ್ದಾರನ ವಾಚಿನ ಪಟ್ಟಿ

"ಬುದ್ಧೀ, ಒಬ್ಬರ ಮೇಲಿನ ಆಸೆಯನ್ನು ಮನಸ್ಸಿನಿಂದ ಪೂರ್ತಿ ಕಡಿದು ಹಾಕಿದರೆ ಅದು ವೈರಾಗ್ಯ ತಾನೇ?"

ಗುರುಮಲ್ಲ ಈ ಪ್ರಶ್ನೆ ಕೇಳಿದಾಗ ಮಠದ ಜಗಲಿಯ ಮೇಲೆ ಇದ್ದವರು ಇಬ್ಬರೇ. ಒಬ್ಬ ಅವನು, ಮಠದಲ್ಲೇ ಇರುವ ಶಿಷ್ಯ. ಇನ್ನೊಬ್ಬರು ಮಠದ ಹಿರಿಯ ಸ್ವಾಮಿಗಳು. ಅವರನ್ನು ಎಲ್ಲರೂ ದೊಡ್ಡಬುದ್ಧಿ ಎನ್ನುತ್ತಿದ್ದರು. ಇಬ್ಬರ ನಡುವೆ ಒಂದು ಮೊರ, ಮೊರದ ತುಂಬ ಹುಣಸೆಹಣ್ಣು. ದಾಸೋಹದ ಅಡುಗೆಗೆ ಬೀಜ ಬಿಡಿಸುತ್ತಿದ್ದರು.

"ಯಾರ ಮೇಲಿನ ಆಸೆ?" ಎಂದರು ದೊಡ್ಡಬುದ್ಧಿ, ತಲೆ ಎತ್ತದೆ.

"ಅಕ್ಕನ ಮೇಲಿಂದು."

ಗುರುಮಲ್ಲನಿಗೆ ತಾಯಿಯ ಮುಖದ ನೆನಪಿಲ್ಲ. ಅವನನ್ನು ಎತ್ತಿ ಆಡಿಸಿದವಳು, ಉಣ್ಣಿಸಿದವಳು, ಹೊಡೆದವಳು ಎಲ್ಲ ಅಕ್ಕನೇ. ಅವಳಿಗೆ ಹೋದ ವರ್ಷ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತು ನಿಂತಿತು. ಮೊದಮೊದಲು ಗುರುಮಲ್ಲ ಪ್ರತಿ ಸೋಮವಾರ ಹೋಗಿ ಅವಳ ಮಂಚದ ಪಕ್ಕ ಕೂತು ಬರುತ್ತಿದ್ದ. ಸರಿಹೋಗುತ್ತಾಳಾ ಎಂದು ಕೇಳಿದರೆ ಡಾಕ್ಟರು, "ಹೇಳಕ್ಕಾಗಲ್ಲ" ಎನ್ನುತ್ತಿದ್ದರು. ಹೋಗಿ ಬಂದ ದಿನ ಅವನಿಗೆ ಊಟ ಇಳಿಯುತ್ತಿರಲಿಲ್ಲ, ಪೂಜೆಗೆ ಕೂತರೆ ಕಣ್ಣೀರು ನಿಲ್ಲುತ್ತಿರಲಿಲ್ಲ. ಒಂದು ದಿನ ಗಟ್ಟಿ ಮನಸ್ಸು ಮಾಡಿದ. ಇನ್ನು ನನಗೆ ಅಕ್ಕ ಇಲ್ಲ ಎಂದುಕೊಂಡ. ಅಂದಿನಿಂದ ಹೋಗುವುದನ್ನು ಬಿಟ್ಟ. ಐದು ತಿಂಗಳಾಯಿತು.

ಇವತ್ತು ಬೆಳಿಗ್ಗೆ ಭಾವ ಹೇಳಿ ಕಳಿಸಿದ್ದ: ಒಂದು ಸಲ ಬಂದು ಹೋಗು. ಮಠದಲ್ಲಿ ಕೆಲಸ ಇದೆ, ಬರಕ್ಕಾಗಲ್ಲ ಎಂದು ಬಂದವನನ್ನು ಗುರುಮಲ್ಲ ವಾಪಸು ಕಳಿಸಿದ. ಅವನು ಗೇಟು ದಾಟಿ ಹೋದ ಮೇಲೆ ಯಾಕೋ ಯಾವ ಕೆಲಸಕ್ಕೂ ಮನಸ್ಸು ಬರಲಿಲ್ಲ. ದೊಡ್ಡಬುದ್ಧಿಯವರ ಬಾಯಿಂದ ಹೌದಪ್ಪ, ಅದು ವೈರಾಗ್ಯವೇ ಎಂಬ ಒಂದು ಮಾತು ಬಂದರೆ ಸಾಕು, ಹೋಗದಿದ್ದರೂ ನಡೆಯುತ್ತದೆ ಎಂದುಕೊಂಡು ಮೊರದ ಮುಂದೆ ಬಂದು ಕೂತಿದ್ದ. ಎಲ್ಲವನ್ನೂ ಹೇಳಿದ.

"ಭೇಷ್," ಎಂದರು ದೊಡ್ಡಬುದ್ಧಿ. "ಈಗ ಹೇಗಿದ್ದೀಯಾ?"

"ಶಾಂತವಾಗಿದ್ದೀನಿ ಬುದ್ಧಿ."

"ಊಟ ರುಚಿಸ್ತದಾ?"

ಗುರುಮಲ್ಲ ಕೈಯಲ್ಲಿದ್ದ ಹಣ್ಣನ್ನು ಮೊರಕ್ಕೆ ಹಾಕಿದ. ಊಟ ರುಚಿಸಿ ಎಷ್ಟು ದಿನವಾಯಿತೋ ಅವನಿಗೇ ಲೆಕ್ಕವಿರಲಿಲ್ಲ. ಮಠದಲ್ಲಿ ಅವನೀಗ ಯಾರೊಂದಿಗೂ ಎರಡು ಮಾತಿಗಿಂತ ಹೆಚ್ಚು ಆಡುತ್ತಿರಲಿಲ್ಲ. ಪಂಕ್ತಿಯ ಕೊನೆಯಲ್ಲಿ ಕೂತು, ತಟ್ಟೆ ತೊಳೆದಿಟ್ಟು ಎದ್ದುಹೋಗುತ್ತಿದ್ದ. ಅದನ್ನೂ ಅವನು ವೈರಾಗ್ಯದ ಲೆಕ್ಕಕ್ಕೇ ಹಾಕಿಕೊಂಡಿದ್ದ.

"ಸರಿ ಬಿಡು. ಬೀಜ ಬಿಡಿಸ್ತಾ ಕೇಳು. ಕೈ ನಿಲ್ಲಿಸಬೇಡ, ನಿನ್ನ ವೈರಾಗ್ಯ ನೋಡ್ಕೊಂಡು ಅಡುಗೆಯವರು ಕಾಯಲ್ಲ," ಎಂದು ದೊಡ್ಡಬುದ್ಧಿ ಕತೆ ಶುರು ಮಾಡಿದರು.

ದಂಡಿನವರು ಬೀಡುಬಿಟ್ಟಿದ್ದ ಒಂದು ಊರು. ಆ ಊರಿನ ಪೇಟೆಯಲ್ಲಿ ಒಬ್ಬ ವಾಚು ರಿಪೇರಿಯವನಿದ್ದ. ಹೆಸರು ಕೇಳಬೇಡ, ನನಗೂ ಗೊತ್ತಿಲ್ಲ. ಅಂಗಡಿ ಎಂದರೆ ಇಬ್ಬರು ನಿಂತರೆ ಮೂರನೆಯವನು ಬೀದಿಯಲ್ಲಿ ನಿಲ್ಲಬೇಕು, ಅಷ್ಟೇ ಜಾಗ. ಒಂದು ಮೇಜು, ಒಂದು ಸ್ಪಿರಿಟ್ ದೀಪ, ಒಂದು ಕತ್ತರಿ. ವಾಚು ಕೆಟ್ಟರೆ ಜನ ಎಸೆದು ಹೊಸದು ಕೊಳ್ಳುವ ಕಾಲ ಬಂದ ಮೇಲೆ ಅವನಿಗೆ ರಿಪೇರಿಯ ಕೆಲಸ ಕಡಿಮೆಯಾಯಿತು. ಆದರೆ ಪಟ್ಟಿಯ ಕೆಲಸ ಮಾತ್ರ ನಿಲ್ಲಲಿಲ್ಲ.

ಎಂಥ ಪಟ್ಟಿ ಎಂದೆಯಾ? ಸಿಪಾಯಿಗಳು ಕಟ್ಟುವ ನೈಲಾನ್ ಪಟ್ಟಿ. ತೊಗಲಿನ ಪಟ್ಟಿಯ ಹಾಗೆ ಎರಡು ತುಂಡಲ್ಲ, ಒಂದೇ ಉದ್ದನೆಯ ನೇಯ್ಗೆ. ವಾಚಿನ ಮೇಲೊಂದು ಕೆಳಗೊಂದು ಸಣ್ಣ ಕಡ್ಡಿ ಇರುತ್ತದಲ್ಲ, ಒಂದು ಕಡ್ಡಿಯ ಸಂದಿಯಲ್ಲಿ ತೂರಿಸಿ, ವಾಚಿನ ಬೆನ್ನ ಕೆಳಗೆ ಹಾಯಿಸಿ, ಇನ್ನೊಂದು ಕಡ್ಡಿಯ ಸಂದಿಯಲ್ಲಿ ಎಳೆಯಬೇಕು. ಒಂದು ಕಡ್ಡಿ ಮುರಿದರೂ ವಾಚು ಬಿದ್ದುಹೋಗುವುದಿಲ್ಲ. ಮತ್ತೆ ಆ ಪಟ್ಟಿಯನ್ನು ಬೇಕೆಂದೇ ಉದ್ದ ಮಾಡಿರುತ್ತಾರೆ. ಹಿಮ ಬೀಳುವ ಕಡೆ ಕಾವಲಿಗೆ ನಿಂತವನು ದಪ್ಪ ಕೋಟಿನ ತೋಳಿನ ಮೇಲೆ ವಾಚು ಕಟ್ಟಬೇಕಲ್ಲ, ಅದಕ್ಕೆ. ಬರಿಗೈಗೆ ಕಟ್ಟಿದರೆ ತುದಿ ನಾಲ್ಕು ಬೆರಳು ಮಿಕ್ಕುತ್ತದೆ. ಮಿಕ್ಕಿದ್ದನ್ನು ಹಿಂದಕ್ಕೆ ಮಡಚಿ, ಪಟ್ಟಿಯಲ್ಲೇ ಇರುವ ತಗಡಿನ ಬಳೆಯೊಳಗೆ ಸಿಕ್ಕಿಸಿಕೊಳ್ಳುತ್ತಾರೆ.

ಆ ಮಿಕ್ಕಿದ ತುದಿ ಕಂಡರೆ ನಮ್ಮ ರಿಪೇರಿಯವನಿಗೆ ಆಗುತ್ತಿರಲಿಲ್ಲ. ಸಿಪಾಯಿಗಳಿಗೂ ಅದರ ಕಾಟ ಇತ್ತು. ಕವಾಯತಿನಲ್ಲಿ ತುದಿ ಜೋತಾಡಿದರೆ ಮೇಲಿನವರು ಬೈಯುತ್ತಾರೆ. ಅದಕ್ಕೆ ಇವನ ಅಂಗಡಿಗೆ ಬರುತ್ತಿದ್ದರು. ಇವನು ಒಂದು ಸಲ ಮುಂಗೈ ನೋಡಿದರೆ ಸಾಕು, ಟೇಪು ಬೇಕಿಲ್ಲ. ಕಣ್ಣಳತೆಯಲ್ಲೇ ಓರೆಯಾಗಿ ಕತ್ತರಿಸಿ, ತುದಿಯನ್ನು ದೀಪಕ್ಕೆ ಹಿಡಿದು, ಎಳೆಗಳು ಕರಗಿ ಅಂಟಿಕೊಳ್ಳುತ್ತಿದ್ದ ಹಾಗೇ ತಗಡಿನಿಂದ ಒತ್ತಿಬಿಡುತ್ತಿದ್ದ. ಸುಡದೆ ಬಿಟ್ಟರೆ ನೈಲಾನ್ ಎರಡು ದಿನದಲ್ಲಿ ಬಿಚ್ಚಿಕೊಂಡು ಪೊರಕೆಯಾಗುತ್ತದೆ. ಇವನು ಸುಟ್ಟ ಅಂಚು ಬಿಚ್ಚಿಕೊಂಡದ್ದನ್ನು ಕಂಡವರಿಲ್ಲ. ಆ ಕೆಲಸದಲ್ಲಿ ಎತ್ತಿದ ಕೈ.

ಅವನು ಒಂಟಿ. ಹೆಂಡತಿ ಇದ್ದಳು, ಜ್ವರದಲ್ಲಿ ಹೋದಳು. ಹನ್ನೊಂದು ದಿನದ ಜ್ವರ. ಹನ್ನೊಂದು ದಿನವೂ ನಾಳೆ ಎದ್ದು ಕೂರುತ್ತಾಳೆ ಎಂದೇ ನಂಬಿದ್ದ. ಕೊನೆಯ ದಿನ ಅವಳಿಗೆಂದು ಎರಡು ಕಿತ್ತಳೆಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋದರೆ ಮಂಚ ಖಾಲಿಯಾಗಿತ್ತು. ಆ ಹಣ್ಣು ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡೇ ಸುಡುಗಾಡಿಗೂ ಹೋದನಂತೆ. ಪಾಪ, ಅವನಿಗೆ ಆದದ್ದು ಸಣ್ಣ ಪೆಟ್ಟಲ್ಲ. ಇನ್ನು ಯಾರ ವಿಷಯದಲ್ಲೂ ಹೀಗೆ ನಂಬಿಕೊಂಡು ಕೂರುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದ.

ಅವನಿಗೆ ಉಳಿದಿದ್ದ ಒಬ್ಬನೇ ಸ್ನೇಹಿತ ಒಬ್ಬ ಹವಾಲ್ದಾರ. ದಂಡಿನಲ್ಲಿ ಲಾರಿ ಓಡಿಸಿ ನಿವೃತ್ತನಾಗಿ, ಅದೇ ಊರಲ್ಲಿ ಒಂದು ಕೋಣೆ ಹಿಡಿದಿದ್ದ. ಅವನಿಗೂ ಹಿಂದೆ ಮುಂದೆ ಯಾರಿಲ್ಲ. ದಿನಾ ಸಾಯಂಕಾಲ ನಾಲ್ಕಕ್ಕೆ ಬರುವನು. ಅಂಗಡಿಯಲ್ಲಿ ಅವನಿಗೆಂದೇ ಒಂದು ಸ್ಟೂಲು ಇತ್ತು. ಬರುತ್ತಲೇ ಬೀದಿಗೆಲ್ಲ ಕೇಳುವ ಹಾಗೆ, "ಏನೋ ಲೇ, ಇವತ್ತು ಯಾರ ಬಾಲ ಕತ್ತರಿಸ್ದೆ?" ಎನ್ನುವನು. ಇಬ್ಬರೂ ಟೀ ಕುಡಿಯುವರು. ಮಾತೆಲ್ಲ ಹವಾಲ್ದಾರನದೇ. ಹಿಮದ ಘಾಟಿಯಲ್ಲಿ ಲಾರಿ ಜಾರಿದ್ದು, ಸೀಮೆಎಣ್ಣೆ ಒಲೆ ಕೈಕೊಟ್ಟಿದ್ದು, ಹೇಳಿದ್ದನ್ನೇ ಹೇಳುವನು. ರಿಪೇರಿಯವನು ಹೂಂ ಎನ್ನುವನು. ದಿನಕ್ಕೆ ಆ ಒಂದು ಗಂಟೆ ಇಲ್ಲದಿದ್ದರೆ ಅವನ ಕಿವಿಗೆ ಬೀಳುವುದು ಬರೀ ವಾಚಿನ ಸದ್ದು.

ಹವಾಲ್ದಾರನೂ ನೈಲಾನ್ ಪಟ್ಟಿಯನ್ನೇ ಕಟ್ಟುತ್ತಿದ್ದ. ಆದರೆ ಅದಕ್ಕೆ ಕತ್ತರಿ ಮುಟ್ಟಿಸಲು ಬಿಟ್ಟಿರಲಿಲ್ಲ. ತುದಿಯನ್ನು ಮಡಚಿ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದ. ಕೊಡು ಇಲ್ಲಿ, ನೀಟಾಗಿ ಮಾಡ್ತೀನಿ ಎಂದರೆ, "ಹೋಗೋ, ನೀನು ಹೋಗಿ ಅಲ್ಲಿ ಚಳೀಲಿ ನಿಂತಿದ್ರೆ ಗೊತ್ತಾಗ್ತಿತ್ತು" ಎಂದು ನಗುತ್ತಿದ್ದ.

ಒಂದು ವರ್ಷ ಹವಾಲ್ದಾರನಿಗೆ ಕೆಮ್ಮು ಹಿಡಿಯಿತು. ಸಂಜೆಯಾದರೆ ಜ್ವರ. ಪರೀಕ್ಷೆ ಮಾಡಿಸಿದರೆ ಕ್ಷಯ ಎಂದರು. ಮಾತ್ರೆ ಕೊಟ್ಟರು. ಕ್ಷಯಕ್ಕೆ ಈಗ ಔಷಧಿ ಇದೆ, ತಪ್ಪದೆ ನುಂಗಿದರೆ ಮನುಷ್ಯ ಎದ್ದು ನಿಲ್ಲುತ್ತಾನೆ. ಅದು ರಿಪೇರಿಯವನಿಗೂ ಗೊತ್ತಿತ್ತು. ಆದರೆ ಗೊತ್ತಿರುವುದೇ ಬೇರೆ, ಮನಸ್ಸು ಹೇಳುವುದೇ ಬೇರೆ.

ಹವಾಲ್ದಾರ ಸವೆಯತೊಡಗಿದ. ಬಾಯಿಗೆ ಟವೆಲು ಕಟ್ಟಿಕೊಂಡು ಬರುವನು, ಸ್ಟೂಲನ್ನು ಬಾಗಿಲ ಹೊರಕ್ಕೆ ಎಳೆದುಕೊಂಡು ಕೂರುವನು. ಮಾತು ಕಡಿಮೆಯಾಯಿತು. ಒಂದು ದಿನ ಮುಂಗೈ ಚಾಚಿದ. ವಾಚು ಜಾರಿ ಮೊಣಕೈಗೆ ಹೋಯಿತು.

"ಸಡಿಲ ಆಗಿದೆ. ಒಂದು ತೂತು ಹಾಕಿಕೊಡೋ," ಎಂದ.

ರಿಪೇರಿಯವನು ಸೂಜಿ ಕಾಯಿಸಿ ಒಳಗಡೆಗೆ ಒಂದು ಹೊಸ ತೂತು ಹಾಕಿದ. ಬಿಗಿಯಾಗಿ ಕಟ್ಟಿ ನೋಡಿದರೆ ತುದಿ ಮೊದಲಿಗಿಂತ ಉದ್ದ ಮಿಕ್ಕಿತು. ಆಗ ಅವನು ಏನು ಮಾಡಿದ ಗೊತ್ತಾ? ಪಟ್ಟಿ ಬಿಚ್ಚಿಕೊಂಡು, ಕತ್ತರಿ ಎತ್ತಿಕೊಂಡು, ಆರು ಬೆರಳಿನಷ್ಟು ತುದಿಯನ್ನು ಕತ್ತರಿಸಿ, ಅಂಚು ಸುಟ್ಟು ಒತ್ತಿಬಿಟ್ಟ. ನೋಡು ಗುರುಮಲ್ಲ, ಹವಾಲ್ದಾರ ತೂತು ಹಾಕು ಅಂದಿದ್ದ. ಕತ್ತರಿಸು ಅಂದಿರಲಿಲ್ಲ.

ಹವಾಲ್ದಾರ ಕೆಳಗೆ ಬಿದ್ದ ತುಂಡನ್ನು ನೋಡಿದ. "ಅಷ್ಟು ಯಾಕೋ ಕತ್ತರಿಸ್ಬಿಟ್ಟೆ?"

"ಇನ್ನು ಅಷ್ಟುದ್ದ ಯಾಕೆ?" ಎಂದ ರಿಪೇರಿಯವನು.

ಮಾತು ಬಾಯಿಂದ ಜಾರಿತ್ತು. ಹವಾಲ್ದಾರ ಸ್ವಲ್ಪ ಹೊತ್ತು ಅವನ ಮುಖ ನೋಡಿದ. ಆಮೇಲೆ ಟೀ ಎಲ್ಲಿ ಎಂದು ಕೇಳಿದ.

ತಿಂಗಳು ಕಳೆಯಿತು. ಮತ್ತೆ ಸಡಿಲವಾಯಿತು, ಮತ್ತೆ ತೂತು ಬಿತ್ತು, ಮತ್ತೆ ಎರಡು ಬೆರಳು ಹೋಯಿತು. ಈ ಸಲ ಹವಾಲ್ದಾರ ಏನೂ ಕೇಳಲಿಲ್ಲ. ಅಷ್ಟರಲ್ಲಿ ಡಾಕ್ಟರು, ಒಬ್ಬನೇ ಇದ್ದರೆ ಮಾತ್ರೆಯೂ ತಪ್ಪುತ್ತದೆ ಊಟವೂ ತಪ್ಪುತ್ತದೆ, ಬಂದು ಸೇರಿಕೋ ಎಂದರು. ಊರ ಹೊರಗಿನ ಆಸ್ಪತ್ರೆಗೆ ಸೇರಿಸಿದರು. ಬಸ್ಸಿನಲ್ಲಿ ಹೋದರೆ ಕಾಲು ಗಂಟೆಯ ದಾರಿ.

ರಿಪೇರಿಯವನು ಮೂರು ಸಲ ಬಸ್ ಸ್ಟಾಪಿಗೆ ಹೋದ. ಮೊದಲನೇ ಸಲ ಬಸ್ಸು ಬಂತು, ಇವನು ಹತ್ತಲಿಲ್ಲ. ಎರಡನೇ ಸಲ ದಾರಿಯಲ್ಲಿ ಹಣ್ಣಿನ ಗಾಡಿ ಕಂಡು ಅಲ್ಲಿಂದಲೇ ವಾಪಸು ಬಂದ. ಮೂರನೇ ಸಲ ಬಸ್ಸೇ ಬರಲಿಲ್ಲ, ಅದರಿಂದ ಅವನಿಗೆ ಸಮಾಧಾನವಾಯಿತು. ಆಮೇಲೆ ಹೋಗಲಿಲ್ಲ. ಒಂದು ವಾರ ಎದೆಯಲ್ಲಿ ಕಲ್ಲು ಹೊತ್ತುಕೊಂಡ ಹಾಗಿತ್ತು. ಕೊನೆಗೆ, ಅವನು ಹೋದ, ನನ್ನ ಪಾಲಿಗೆ ಅವನು ಆಗಲೇ ಹೋದ ಎಂದು ತನಗೆ ತಾನೇ ಹೇಳಿಕೊಂಡ. ಖಾಲಿ ಸ್ಟೂಲು ನೋಡಲಾಗುತ್ತಿರಲಿಲ್ಲ. ಅದನ್ನೂ ಪಕ್ಕದ ಇಸ್ತ್ರಿ ಅಂಗಡಿಯವನಿಗೆ ಕೊಟ್ಟುಬಿಟ್ಟ. ನಾಲ್ಕಕ್ಕೆ ಒಂದೇ ಟೀ ತರಿಸಿ, ನಿಂತುಕೊಂಡೇ ಕುಡಿದ. ನೋಡಪ್ಪ, ಆಮೇಲೆ ಅವನು ಶಾಂತವಾಗಿದ್ದ.

ಗುರುಮಲ್ಲನ ಕೈ ನಿಂತಿತು.

"ಕೈ ನಿಲ್ಲಿಸಬೇಡ ಅಂದೆ," ಎಂದರು ದೊಡ್ಡಬುದ್ಧಿ. ಗುರುಮಲ್ಲ ಮೊರದಿಂದ ಇನ್ನೊಂದು ಹಣ್ಣು ಎತ್ತಿಕೊಂಡ. ಬೀಜ ಎಲ್ಲಿದೆ ಎಂದು ಬೆರಳಿಗೆ ತಿಳಿಯಲಿಲ್ಲ.

ಹೀಗೆ ಮೂರು ತಿಂಗಳಾಯಿತು. ಒಂದು ದಿನ ಸಾಯಂಕಾಲ ರಿಪೇರಿಯವನು ತಲೆ ಬಗ್ಗಿಸಿ ಯಾವುದೋ ವಾಚಿನೊಳಗೆ ಕಣ್ಣಿಟ್ಟಿದ್ದಾನೆ.

"ಏನೋ ಲೇ! ಇವತ್ತು ಯಾರ ಬಾಲ?"

ತಲೆ ಎತ್ತಿದರೆ ಬಾಗಿಲಲ್ಲಿ ಹವಾಲ್ದಾರ. ಟವೆಲಿಲ್ಲ, ಕೆಮ್ಮಿಲ್ಲ. ಕೆನ್ನೆ ತುಂಬಿಕೊಂಡಿದೆ, ಅಂಗಿಯ ಗುಂಡಿ ಬಿಗಿಯಾಗಿದೆ. ಆಸ್ಪತ್ರೆಯಲ್ಲಿ ದಿನಾ ಮೊಟ್ಟೆ, ಹಾಲು ಕೊಟ್ಟಿದ್ದರಂತೆ. ಮೊದಲಿಗಿಂತ ಒಂದು ಸುತ್ತು ಜಾಸ್ತಿಯೇ ಆಗಿದ್ದ. ಔಷಧಿ ನುಂಗಿದವನು ಎದ್ದು ನಿಂತಿದ್ದ, ಅಷ್ಟೇ. ಅದರಲ್ಲಿ ಪವಾಡ ಏನೂ ಇಲ್ಲ.

ಹವಾಲ್ದಾರ ಅಭ್ಯಾಸದ ಬಲದಿಂದ ಕೂರಲು ಹೋದ. ಹಿಂದೆ ಕೈಯಾಡಿಸಿದ. ಸ್ಟೂಲಿಲ್ಲ.

"ಎಲ್ಲೋ ನನ್ನ ಸ್ಟೂಲು?"

"ಅದು... ಇಸ್ತ್ರಿಯವನು ಕೇಳ್ದ. ಎರಡು ದಿನಕ್ಕೆ ಅಂತ," ಎಂದು ರಿಪೇರಿಯವನು ತೊದಲಿದ.

"ಹೋಗ್ಲಿ ಬಿಡು." ಹವಾಲ್ದಾರ ಕಿಸೆಯಿಂದ ವಾಚು ತೆಗೆದು ಮೇಜಿನ ಮೇಲಿಟ್ಟು ಕೈ ಚಾಚಿದ. "ಕಟ್ಟು ನೋಡೋಣ. ನಂಗೆ ಕಟ್ಟಕ್ಕೇ ಆಗ್ತಿಲ್ಲ."

ರಿಪೇರಿಯವನು ಕಟ್ಟಲು ಹೋದ. ತುದಿ ಬಕಲ್ ಮುಟ್ಟಲಿಲ್ಲ. ಎಳೆದ. ಇನ್ನೂ ಎರಡು ಬೆರಳು ಬೇಕಿತ್ತು. ಮತ್ತೆ ಎಳೆದ. ಅವನೇ ಸುಟ್ಟು ಒತ್ತಿದ ಅಂಚು, ಒಂದು ಎಳೆಯೂ ಬಿಚ್ಚಿರಲಿಲ್ಲ. ಕೆಲಸ ಅಷ್ಟು ಚೆನ್ನಾಗಿತ್ತು.

ಹವಾಲ್ದಾರ ಪಟ್ಟಿಯನ್ನು ನೋಡಿದ, ಸ್ಟೂಲಿದ್ದ ಜಾಗ ನೋಡಿದ. ಅವನ ಮುಖದ ನಗು ನಿಧಾನವಾಗಿ ಇಳಿದುಹೋಯಿತು.

"ಅಲ್ಲಿ ಮಲಗಿದ್ನಲ್ಲ, ದಿನಾ ನಾಲ್ಕಾದ್ರೆ ಬಾಗಿಲ ಕಡೆಗೇ ತಿರುಗಿ ಮಲಗ್ತಿದ್ದೆ ಕಣೋ. ಇವತ್ತು ಕೆಲಸ ಜಾಸ್ತಿ ಇರಬೇಕು ಅವನಿಗೆ, ನಾಳೆ ಬರ್ತಾನೆ ಅಂತ ಪಕ್ಕದ ಮಂಚದವನಿಗೆ ಹೇಳ್ತಿದ್ದೆ," ಎಂದ. ವಾಚು ಕೈಗೆತ್ತಿಕೊಂಡು ಕೇಳಿದ: "ನಾನು ಎದ್ದು ಬರ್ತೀನಿ ಅಂತ ನಿನಗೆ ಒಂದು ದಿನಾನೂ ಅನ್ನಿಸ್ಲಿಲ್ವೇನೋ?"

ರಿಪೇರಿಯವನು ಮೇಜಿನ ಡ್ರಾಯರ್ ಎಳೆದ. "ಹೊಸ ಪಟ್ಟಿ ಹಾಕ್ತೀನಿ. ಎರಡು ನಿಮಿಷ, ಕೂತ್ಕೋ" ಎಂದ. ಕೂರುವುದಕ್ಕೆ ಏನಿತ್ತು ಅಲ್ಲಿ?

ಹವಾಲ್ದಾರ ವಾಚನ್ನು ಕಿಸೆಗೆ ಹಾಕಿಕೊಂಡು ಹೊರಟುಹೋದ. ಕೂಗಾಡಲಿಲ್ಲ, ಬೈಯಲಿಲ್ಲ. ಬೈದಿದ್ದರೆ ರಿಪೇರಿಯವನು ಬದುಕಿಕೊಳ್ಳುತ್ತಿದ್ದ.

ಅವತ್ತು ಅವನು ಕತ್ತರಿಸಿದ ಚೂರುಗಳ ಡಬ್ಬಿ ಸುರುವಿಕೊಂಡು ಹವಾಲ್ದಾರನ ಪಟ್ಟಿಯ ಬಣ್ಣದ ತುಂಡುಗಳನ್ನು ಹುಡುಕಿದ. ಸಿಕ್ಕವು. ಎರಡು ತುಂಡುಗಳನ್ನು ದೀಪಕ್ಕೆ ಹಿಡಿದು ಒಂದಕ್ಕೊಂದು ಅಂಟಿಸಿ ನೋಡಿದ. ಅಂಟಿಕೊಂಡ ಹಾಗೆ ಕಂಡಿತು, ಮಡಚಿದರೆ ಲಟಕ್ಕೆಂದು ಮುರಿಯಿತು. ಒಂದು ಸಲ ಕರಗಿ ಗಟ್ಟಿಯಾದ ನೈಲಾನ್ ಬಾಗುವುದಿಲ್ಲ. ಅದು ಅವನಿಗೆ ಗೊತ್ತಿಲ್ಲದ ವಿಷಯವೇ? ಆದರೂ ಅಷ್ಟೂ ತುಂಡು ಮುಗಿಯುವ ತನಕ ಅಂಟಿಸಿ ನೋಡಿದ.

ಮೂರನೆಯ ದಿನ ಇದ್ದದ್ದರಲ್ಲಿ ಒಳ್ಳೆಯ ಹೊಸ ಪಟ್ಟಿ ತೆಗೆದುಕೊಂಡು, ಕತ್ತರಿ ಮುಟ್ಟಿಸದೆ, ಹುಡುಕಿಕೊಂಡು ಹೋದ. ಹವಾಲ್ದಾರ ಎದುರಿನ ಕ್ಷೌರದ ಅಂಗಡಿಯಲ್ಲಿ ಕೂತಿದ್ದ. ಪಟ್ಟಿ ತೆಗೆದುಕೊಂಡ. "ನೀವು ಯಾಕೆ ತೊಂದರೆ ತಗೊಂಡ್ರಿ?" ಎಂದ. ವಾಚಿಗೆ ಹಾಕಿಸಿಕೊಂಡು ಕಟ್ಟಿಕೊಂಡ. ಚೆನ್ನಾಗಿದೆ ಎಂದೂ ಹೇಳಿದ. ಇಪ್ಪತ್ತು ವರ್ಷ ಲೇ ಎಂದು ಕರೆದವನು ಅವತ್ತು ನೀವು ಎಂದ. ರಿಪೇರಿಯವನು ರಸ್ತೆ ದಾಟಿ ವಾಪಸು ಬಂದ.

ಈಗಲೂ ಸಾಯಂಕಾಲ ನಾಲ್ಕಾದರೆ ಎದುರಿನ ಅಂಗಡಿಯಿಂದ ಹವಾಲ್ದಾರನ ನಗು ಕೇಳಿಸುತ್ತದಂತೆ. ಲಾರಿ ಜಾರಿದ ಕತೆಯನ್ನು ಅವನು ಯಾರಿಗೋ ಹೇಳುತ್ತಿರುತ್ತಾನೆ. ರಿಪೇರಿಯವನಿಗೆ ಅದರ ಒಂದೊಂದು ಮಾತೂ ಬಾಯಿಪಾಠ. ಎಲ್ಲಿ ಹೂಂ ಅನ್ನಬೇಕೋ ಅಲ್ಲಿ ಇವನು ಇಲ್ಲಿ ಕೂತು ಒಬ್ಬನೇ ಹೂಂ ಅನ್ನುತ್ತಾನೆ. ಇಷ್ಟೇ ಕತೆ.

ದೊಡ್ಡಬುದ್ಧಿ ಬೀಜಗಳನ್ನು ಒಂದು ಕಡೆಗೆ ಸರಿಸಿದರು. ಗುರುಮಲ್ಲನಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು.

"ಅವನು ಸಾಯಲೂಬಹುದಿತ್ತಲ್ಲ ಬುದ್ಧಿ? ಸತ್ತಿದ್ದರೆ ರಿಪೇರಿಯವನು ಮಾಡಿದ್ದೇ ಸರಿ ಆಗ್ತಿತ್ತು."

"ಸಾಯಬಹುದಿತ್ತು. ಪಟ್ಟಿ ಅಳತೆಗೆ ಸರಿಯಾಗಿರ್ತಿತ್ತು. ಅವನು ಬಾಗಿಲ ಕಡೆ ತಿರುಗಿ ಮಲಗಿ ಸತ್ತಿರ್ತಿದ್ದ."

ಅಕ್ಕನ ಮಂಚ ಇರುವುದು ಗೋಡೆಯ ಪಕ್ಕಕ್ಕೆ. ಅವಳಿಗೆ ಎಡಕ್ಕೆ ಮಾತ್ರ ಹೊರಳಲು ಬರುತ್ತದೆ. ಎಡಕ್ಕೆ ಹೊರಳಿದರೆ ಕಾಣುವುದು ಗೋಡೆಯೋ ಬಾಗಿಲೋ ಎಂದು ಗುರುಮಲ್ಲ ನೆನಪು ಮಾಡಿಕೊಳ್ಳಲು ಹೋಗಿ, ಬೇಡವೆಂದು ನಿಲ್ಲಿಸಿದ. ಆದರೂ ಒಂದು ಕೊನೆಯ ಮಾತು ಅವನಲ್ಲಿ ಉಳಿದಿತ್ತು.

"ಅಕ್ಕನಿಗೆ ಮಾತೇ ಇಲ್ಲವಲ್ಲ ಬುದ್ಧಿ. ನಾನು ಹೋದರೂ ಅವಳಿಗೆ ತಿಳೀತದೋ ಇಲ್ಲವೋ. ಬರೀ ಉಸಿರಾಡ್ತಾಳೆ, ಅಷ್ಟೇ."

ದೊಡ್ಡಬುದ್ಧಿ ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದರು.

"ಅವಳು ಇನ್ನೂ ಉಸಿರಾಡ್ತಿದ್ದರೆ, ಐದು ತಿಂಗಳ ಹಿಂದೆ ನೀನು ಯಾರ ತಿಥಿ ಮುಗಿಸಿಕೊಂಡು ಬಂದೆ ಗುರುಮಲ್ಲ?"